ಇಸಿಜಿ ಕಳಿಸಲು ವಾಟ್ಸ್‌ಆ್ಯಪ್: ಹಳೇ ಚಾಳಿ, ಹೊಸ ಫೋನು

ಮಲೆನಾಡಿನ ಸಣ್ಣ ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿ (ಹೃದಯದ ವಿದ್ಯುತ್ ಮಿಡಿತದ ಗೆರೆಚಿತ್ರ) ತೆಗೆದು, ಆ ಕಾಗದದ ಫೋಟೊವನ್ನು ಮಂಗಳೂರಿನ ಹೃದ್ರೋಗ ತಜ್ಞರಿಗೆ ವಾಟ್ಸ್‌ಆ್ಯಪ್ ಮಾಡುವುದು ಈಗ ಯಾರಿಗೂ ಸೋಜಿಗವಲ್ಲ. ಕೈಗೆ ಸಿಕ್ಕಿದ್ದನ್ನೇ ತುರ್ತು ಚಿಕಿತ್ಸೆಗೆ ಹಚ್ಚುವ ಈ ಚಾಳಿ ಹೆಚ್ಚುಕಡಿಮೆ ಇಸಿಜಿಯಷ್ಟೇ ಹಳೆಯದು.

ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ ಕಟ್ಟಿದ ಇಸಿಜಿ ಯಂತ್ರದ ತೂಕ ಸುಮಾರು 270 ಕಿಲೊ. ನಡೆಸಲು ಐದು ಜನ ಬೇಕಿತ್ತು. ಯಂತ್ರ ಪ್ರಯೋಗಾಲಯ ಬಿಟ್ಟು ಕದಲುವಂತಿಲ್ಲ, ರೋಗಿಗಳೋ ಒಂದೂವರೆ ಕಿಲೊಮೀಟರ್ ಆಚೆಯ ಆಸ್ಪತ್ರೆಯಲ್ಲಿ. 1905ರಲ್ಲಿ ಆತ ಟೆಲಿಫೋನ್ ತಂತಿಯ ಮೊರೆಹೋದ. ರೋಗಿ ಆಸ್ಪತ್ರೆಯಲ್ಲೇ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂತರೆ ಗೆರೆ ಮೂಡುತ್ತಿದ್ದುದು ಪ್ರಯೋಗಾಲಯದಲ್ಲಿ. 1966ರಲ್ಲಿ ಬೆಲ್‌ಫಾಸ್ಟ್‌ನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಆಂಬುಲೆನ್ಸ್‌ಗೆ ಹತ್ತಿಸಿದ ಡಿಫಿಬ್ರಿಲೇಟರ್ (ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಓಡಿದ್ದು ಕಾರಿನ ಬ್ಯಾಟರಿಯ ಮೇಲೆ. ಮರುವರ್ಷ ಮಯಾಮಿಯಲ್ಲಿ ಡಾ. ಯೂಜೀನ್ ನೇಗಲ್ ಅಗ್ನಿಶಾಮಕ ಸಿಬ್ಬಂದಿಯಿಂದ ರೇಡಿಯೊ ಮೂಲಕ ಇಸಿಜಿ ತರಿಸಿಕೊಂಡರು. ಸ್ವಂತ ನಿರ್ಧಾರದಲ್ಲಿ ಔಷಧ ಕೊಡಲು ಆ ಸಿಬ್ಬಂದಿಗೆ ಅಧಿಕಾರವಿರಲಿಲ್ಲ; ಗೆರೆ ವೈದ್ಯರ ಕಣ್ಣಿಗೆ ಬಿದ್ದರೆ ಅಪ್ಪಣೆ ವೈದ್ಯರದಾಗುತ್ತಿತ್ತು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಗಾಡಿ ಬಂತು, ಆದರೆ ಎದೆನೋವಿಗೆ ಗಾಡಿಯೊಂದೇ ಸಾಲದು. ಮನೆಯವರು ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿ ಮಲಗಿಸಿರುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಯಂತ್ರವಿಲ್ಲ, ಇದ್ದರೂ ಓದಲು ಧೈರ್ಯವಿಲ್ಲ. ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆಯುವ ಕ್ಯಾತ್‌ಲ್ಯಾಬ್ ಇರುವುದು ಘಟ್ಟದ ಕೆಳಗೆ. ಈ ಕಂದಕ ಮುಚ್ಚಲೆಂದೇ ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಹಳ್ಳಿಗಾಡಿನ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ಅವರನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇರಿಸಿಕೊಂಡರು. ಹೊಸ ಆ್ಯಪ್ ಬೇಕಿರಲಿಲ್ಲ, ಟೆಂಡರ್ ಬೇಕಿರಲಿಲ್ಲ. ಬಳಸಲು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಹೇಳಿಕೊಡಬೇಕಾದದ್ದು ಫೋಟೊ ತೆಗೆಯುವುದನ್ನು. ಇಸಿಜಿ ಕಾಗದದ ಒಂದು ಪುಟ್ಟ ಚೌಕ ಒಂದು ಮಿಲಿಮೀಟರ್, ಅಂದರೆ 0.04 ಸೆಕೆಂಡು. ಹೃದಯಾಘಾತದ ಸುಳಿವು ಎಷ್ಟೋ ಸಲ ಗೆರೆ ಒಂದೆರಡು ಮಿಲಿಮೀಟರ್ ಮೇಲೆದ್ದಿರುವುದರಲ್ಲೇ ಅಡಗಿರುತ್ತದೆ. ಫೋನನ್ನು ಓರೆ ಹಿಡಿದರೆ ಚೌಕ ಸೊಟ್ಟಗಾಗುತ್ತದೆ. ಟ್ಯೂಬ್‌ಲೈಟ್ ಬೆಳಕು ನುಣುಪು ಕಾಗದಕ್ಕೆ ಬಡಿದು ಒಂದು ಲೀಡ್ (ಹೃದಯವನ್ನು ಒಂದು ಕೋನದಿಂದ ತೋರಿಸುವ ಗೆರೆ) ಪೂರಾ ಮಾಯ. ಸಾಲದ್ದಕ್ಕೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ. ಕಾಗದವನ್ನು ಮೇಜಿನ ಮೇಲೆ ಮಟ್ಟಸವಾಗಿ ಹರಡಿ, ನೇರ ಮೇಲಿನಿಂದ ಕ್ಲಿಕ್ಕಿಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ತಜ್ಞರು ಗೆರೆಯನ್ನು ಹಿಗ್ಗಿಸಿ ನೋಡಬಹುದು.

ನನಗೆ ಕಂಡಂತೆ ಇಂಥ ಗುಂಪುಗಳ ದೊಡ್ಡ ಲಾಭ ತರಬೇತಿಯದು. ಒಬ್ಬರ ಇಸಿಜಿಗೆ ಬಂದ ಉತ್ತರವನ್ನು ಗುಂಪಿನಲ್ಲಿರುವ ಉಳಿದವರೂ ಓದುತ್ತಾರೆ. ಕಾರ್ಯಾಗಾರದಲ್ಲಿ ಒಂದು ದಿನ ಕೇಳಿ ಮರೆಯುವುದಕ್ಕಿಂತ ಇದು ಗಟ್ಟಿ ಕಲಿಕೆ.

ತೊಡಕೂ ಅಲ್ಲೇ ಇದೆ. ರಾತ್ರಿ ಎರಡಕ್ಕೆ ಬಂದ ಇಸಿಜಿಯನ್ನು ಇನ್ಯಾರೋ ನೋಡಿಯಾರು ಅಂತ ಎಲ್ಲರೂ ಸುಮ್ಮನಿದ್ದರೆ? ಗುಂಪಿಗೆ ಡ್ಯೂಟಿ ಪಟ್ಟಿ ತಾನಾಗಿ ಬರುವುದಿಲ್ಲ. ಕಾಗದದ ತುದಿಯಲ್ಲಿ ಬರೆದ ರೋಗಿಯ ಹೆಸರು, ವಯಸ್ಸೂ ಫೋಟೊ ಜತೆ ಊರೂರು ಸುತ್ತುತ್ತವೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್‌ನ ಹೆಸರೆತ್ತಿಯೇ ಸಮ್ಮತಿಸಿತು. ಆದರೆ ಇನ್ನೊಬ್ಬ ವೈದ್ಯರ ಸಲಹೆ ಪಡೆದರೂ ಚಿಕಿತ್ಸೆಯ ಹೊಣೆ ರೋಗಿಯ ಎದುರಿಗಿರುವ ವೈದ್ಯರದೇ ಎಂದಿತು. ಬೆಳಗಿನ ಜಾವ ಒಬ್ಬಂಟಿಯಾಗಿ ಡ್ಯೂಟಿಯಲ್ಲಿರುವ ಕಿರಿಯ ವೈದ್ಯರಿಗೆ ಇದು ಹಗುರದ ಮಾತಲ್ಲ.

ಮುಂದೆ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ದೊಡ್ಡಾಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಟ್ಟು, ನಂತರ ಆಂಬುಲೆನ್ಸ್ ಹತ್ತಿಸುತ್ತಾರೆ.