ಬಕ್ ರೆಗ್ಯುಲೇಟರ್: ಸ್ವಿಚಿಂಗ್ ಫ್ರೀಕ್ವೆನ್ಸಿ ಎಷ್ಟಿಡಬೇಕು, ಸಿಂಕ್ ಹೇಗೆ ಕೊಡಬೇಕು

ಬಕ್ ರೆಗ್ಯುಲೇಟರ್ ಅಂದರೆ ಒಂದು ಸ್ವಿಚ್ಚನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್. ಅದರ ಚಿಪ್‌ನ ಆರ್‌ಟಿ (ಟೈಮಿಂಗ್ ರೆಸಿಸ್ಟರ್) ಪಿನ್‌ನಿಂದ ಗ್ರೌಂಡ್‌ಗೆ ಹಾಕುವ ಒಂದು ರೆಸಿಸ್ಟರ್ ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು, ಅಂದರೆ ಸ್ವಿಚ್ ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗಬೇಕು ಅನ್ನುವುದನ್ನು, ತೀರ್ಮಾನಿಸುತ್ತದೆ. ಅದು ಎಷ್ಟು ಓಮ್ ಇರಬೇಕು ಅನ್ನುವುದು ಡೇಟಾಶೀಟ್‌ನ ಕೋಷ್ಟಕದಲ್ಲೇ ಸಿಗುತ್ತದೆ. ಯಾವ ಫ್ರೀಕ್ವೆನ್ಸಿ ಬೇಕು ಅನ್ನುವುದನ್ನು ಮಾತ್ರ ನಾವೇ ಲೆಕ್ಕ ಹಾಕಬೇಕು.

ಫ್ರೀಕ್ವೆನ್ಸಿ ಜಾಸ್ತಿ ಮಾಡಿದರೆ ಇಂಡಕ್ಟರ್ ಚಿಕ್ಕದಾಗುತ್ತದೆ. 12 ವೋಲ್ಟ್‌ನಿಂದ 3.3 ವೋಲ್ಟ್ ಮಾಡುವಾಗ, 500 ಕಿಲೋಹರ್ಟ್ಸ್‌ನಲ್ಲಿ ರಿಪಲ್ ಕರೆಂಟ್ (ಇಂಡಕ್ಟರ್ ಕರೆಂಟಿನ ಏರಿಳಿತ) 1 ಆಂಪಿಯರ್ ಇರಲಿ ಅಂದರೆ ಸುಮಾರು 4.7 ಮೈಕ್ರೋಹೆನ್ರಿ ಬೇಕು. 1 ಮೆಗಾಹರ್ಟ್ಸ್‌ನಲ್ಲಿ ಅದರ ಅರ್ಧ ಸಾಕು. ಆದರೆ ಸ್ವಿಚ್ ಒಂದೊಂದು ಸಲ ಆನ್-ಆಫ್ ಆದಾಗಲೂ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಸಲಗಳು ಎರಡರಷ್ಟಾದರೆ ಆ ನಷ್ಟವೂ ಎರಡರಷ್ಟು.

ಇಷ್ಟನ್ನು ಎಲ್ಲರೂ ಓದಿರುತ್ತೇವೆ. ಮೊದಲು ನೋಡಬೇಕಾದದ್ದು ಮಿನಿಮಮ್ ಆನ್ ಟೈಮ್ (ಚಿಪ್ ಸ್ವಿಚ್ಚನ್ನು ಆನ್ ಇಡಬಲ್ಲ ಅತಿ ಕಡಿಮೆ ಸಮಯ) ಅನ್ನುವುದು ನನ್ನ ಅಭಿಪ್ರಾಯ. 24 ವೋಲ್ಟ್‌ನಿಂದ 1.2 ವೋಲ್ಟ್ ಬೇಕು ಅಂದುಕೊಳ್ಳಿ. ಡ್ಯೂಟಿ ಸೈಕಲ್, ಅಂದರೆ ಪ್ರತಿ ಸೈಕಲ್‌ನಲ್ಲಿ ಸ್ವಿಚ್ ಆನ್ ಇರುವ ಪಾಲು, 5 ಪರ್ಸೆಂಟ್. 1 ಮೆಗಾಹರ್ಟ್ಸ್ ಇಟ್ಟರೆ ಸ್ವಿಚ್ ಬರೀ 50 ನ್ಯಾನೋಸೆಕೆಂಡ್ ಆನ್ ಆಗಿರಬೇಕು. ಚಿಪ್‌ನ ಮಿತಿ 100 ನ್ಯಾನೋಸೆಕೆಂಡ್ ಆಗಿದ್ದರೆ ಇದು ಆಗದ ಮಾತು. ಆಗ ಚಿಪ್ ನಡುನಡುವೆ ಕೆಲವು ಪಲ್ಸ್‌ಗಳನ್ನು ಕೊಡದೇ ಬಿಡಲು ಶುರುಮಾಡುತ್ತದೆ, ಔಟ್‌ಪುಟ್ ರಿಪಲ್ ಏರುತ್ತದೆ. 400 ಕಿಲೋಹರ್ಟ್ಸ್‌ನಲ್ಲಿ 125 ನ್ಯಾನೋಸೆಕೆಂಡ್ ಸಿಗುತ್ತದೆ, ಸರಿಹೋಯಿತು ಅನ್ನಿಸುತ್ತದೆ ಅಲ್ವಾ? ಇನ್‌ಪುಟ್ 30 ವೋಲ್ಟ್‌ವರೆಗೆ ಏರುವುದಾದರೆ ಅದೇ 100 ನ್ಯಾನೋಸೆಕೆಂಡ್‌ಗೆ ಇಳಿದು ಮತ್ತೆ ಅಂಚಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಈ ಲೆಕ್ಕವನ್ನು ಯಾವಾಗಲೂ ಅತಿ ಹೆಚ್ಚಿನ ಇನ್‌ಪುಟ್ ವೋಲ್ಟೇಜ್ ಇಟ್ಟುಕೊಂಡೇ ಮಾಡಿ.

ಇನ್ನು ಸಿಂಕ್, ಅಂದರೆ ರೆಗ್ಯುಲೇಟರನ್ನು ಹೊರಗಿನ ಕ್ಲಾಕ್‌ಗೆ ಹೊಂದಿಸಿ ಓಡಿಸುವುದು. ಒಂದೇ ಬೋರ್ಡಿನಲ್ಲಿ ಒಂದು ರೆಗ್ಯುಲೇಟರ್ 500, ಇನ್ನೊಂದು 510 ಕಿಲೋಹರ್ಟ್ಸ್‌ನಲ್ಲಿ ಓಡಿದರೆ 10 ಕಿಲೋಹರ್ಟ್ಸ್‌ನ ಬೀಟ್ (ಎರಡರ ವ್ಯತ್ಯಾಸದ ಫ್ರೀಕ್ವೆನ್ಸಿ) ಹುಟ್ಟುತ್ತದೆ. ಇದು ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಬರುವುದರಿಂದ ಆಡಿಯೋ ಸರ್ಕ್ಯೂಟ್‌ಗಳಿಗೆ ದೊಡ್ಡ ಕಾಟ. ಎರಡಕ್ಕೂ ಒಂದೇ ಕ್ಲಾಕ್ ಕೊಟ್ಟರೆ ಬೀಟ್ ಇರುವುದಿಲ್ಲ. ಒಂದಕ್ಕೆ 180 ಡಿಗ್ರಿ (ಅರ್ಧ ಸೈಕಲ್) ತಡವಾದ ಕ್ಲಾಕ್ ಕೊಟ್ಟರೆ ಇನ್ನೂ ಒಳ್ಳೆಯದು. ಎರಡೂ ಒಟ್ಟಿಗೇ ಕರೆಂಟ್ ಎಳೆಯುವುದು ಕಡಿಮೆಯಾಗಿ ಇನ್‌ಪುಟ್ ಕೆಪಾಸಿಟರ್‌ಗೆ ಹೊರೆ ತಗ್ಗುತ್ತದೆ.

ಹೊರಗಿನ ಕ್ಲಾಕ್ ಇದೆಯಲ್ಲ ಅಂತ ಆರ್‌ಟಿ ರೆಸಿಸ್ಟರನ್ನು ಸುಮ್ನೆ ಏನೋ ಒಂದು ಹಾಕಿಬಿಡಬಾರದು. ಸರಳ ಆಸಿಲೇಟರ್ (ಒಳಗಿನ ಕ್ಲಾಕ್ ಹುಟ್ಟಿಸುವ ಭಾಗ) ಇರುವ ಚಿಪ್‌ಗಳಲ್ಲಿ ಸಿಂಕ್ ಪಲ್ಸ್ ಬಂದು, ಸೈಕಲ್‌ನ ಅವಧಿ ಅಳೆಯಲು ಏರುತ್ತಾ ಹೋಗುವ ವೋಲ್ಟೇಜಾದ ಒಳಗಿನ ರ‍್ಯಾಂಪನ್ನು ಅವಧಿಗೆ ಮುಂಚೆಯೇ ಮುಗಿಸುತ್ತದೆ. ಒಳಗಿನದೇ ವೇಗವಾಗಿದ್ದರೆ ಪಲ್ಸ್ ಬರುವ ಮೊದಲೇ ಸೈಕಲ್ ಮುಗಿದಿರುತ್ತದೆ, ಸಿಂಕ್ ಹಿಡಿಯುವುದಿಲ್ಲ. ಅದಕ್ಕೇ ಆರ್‌ಟಿ ಫ್ರೀಕ್ವೆನ್ಸಿಯನ್ನು ಕ್ಲಾಕ್‌ಗಿಂತ ಸ್ವಲ್ಪ ಕೆಳಗಿಡುತ್ತಾರೆ. ಪಿಎಲ್‌ಎಲ್ (ಹೊರಗಿನ ಕ್ಲಾಕ್‌ಗೆ ತನ್ನ ಆಸಿಲೇಟರನ್ನು ತಾನೇ ಹೊಂದಿಸಿಕೊಳ್ಳುವ ಸರ್ಕ್ಯೂಟ್) ಇರುವ ಚಿಪ್‌ಗಳ ನಿಯಮ ಬೇರೆ, ಅದನ್ನು ಆಯಾ ಡೇಟಾಶೀಟ್‌ನಲ್ಲೇ ನೋಡಬೇಕು.

ಇಂಡಕ್ಟರನ್ನೂ ಕ್ಲಾಕ್‌ಗೆ ತಕ್ಕಂತೆ ಆರಿಸಬೇಡಿ, ಆರ್‌ಟಿಯ ಕಡಿಮೆ ಫ್ರೀಕ್ವೆನ್ಸಿಗೆ ತಕ್ಕಂತೆ ಆರಿಸಿ. ಕ್ಲಾಕ್ ಕೊಡುವ ಮೈಕ್ರೋಕಂಟ್ರೋಲರ್‌ಗೆ ಎಷ್ಟೋ ಸಲ ಇದೇ ರೆಗ್ಯುಲೇಟರ್‌ನಿಂದ ವಿದ್ಯುತ್ ಹೋಗುತ್ತಿರುತ್ತದೆ. ಅದು ಎದ್ದು ಕ್ಲಾಕ್ ಕೊಡುವವರೆಗೂ ರೆಗ್ಯುಲೇಟರ್ ಆರ್‌ಟಿಯ ಮೇಲೆಯೇ ಓಡಬೇಕು, ಪೂರ್ತಿ ಲೋಡನ್ನೂ ಹೊರಬೇಕು.