ಕಾರಿನ ಸಂದಿಯಲ್ಲಿ ಒಣಗಿ ಕೂತ ಪಾಲಿಶ್: ಕಲಿಯುವವರಿಗೆ ಟಿಪ್ಪಣಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಆಯುಧಪೂಜೆ ಹತ್ತಿರ ಬಂತು ಅಂದರೆ ಪಾಲಿಶ್ ಕೆಲಸ ಜಾಸ್ತಿ ಆಗುತ್ತದೆ. ಬಾನೆಟ್ ಚೆನ್ನಾಗಿ ಹೊಳೆಯುತ್ತದೆ, ಆದರೆ ಲೋಗೋ ಅಕ್ಷರಗಳ ಸುತ್ತ, ಬಾಗಿಲಿನ ಅಂಚಿನಲ್ಲಿ, ಕಿಟಕಿ ಬೀಡಿಂಗ್ (ಗಾಜಿನ ಅಂಚಿನ ರಬ್ಬರ್ ಪಟ್ಟಿ) ಕೆಳಗೆ ಬಿಳಿ ಗೆರೆ ಉಳಿದಿರುತ್ತದೆ. ಗಿರಾಕಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಆ ಬಿಳಿ ಏನು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಪಾಲಿಶ್‌ನಲ್ಲಿ ಬಣ್ಣವನ್ನು ನಯವಾಗಿ ಉಜ್ಜುವ ಸಣ್ಣ ಪುಡಿ ಇರುತ್ತದೆ, ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್. ಜೊತೆಗೆ ಎಣ್ಣೆ, ಕೆಲವದರಲ್ಲಿ ವ್ಯಾಕ್ಸ್. ಇವನ್ನು ತೆಳು ಮಾಡುವ ದ್ರವ ಆರಿ ಹೋದ ಮೇಲೆ ಪುಡಿ ಉಳಿಯುತ್ತದೆ, ಎಣ್ಣೆ ಮತ್ತು ವ್ಯಾಕ್ಸ್ ಅದನ್ನು ಹಿಡಿದುಕೊಂಡು ಕೂರುತ್ತವೆ. ಅಂದರೆ ಮೊದಲು ಈ ಹಿಡಿತ ಸಡಿಲ ಮಾಡಬೇಕು, ಆಮೇಲೆ ಪುಡಿ ಎತ್ತಬೇಕು. ಒಣಗಿದ ಹಾಗೆಯೇ ಬಟ್ಟೆ ಒತ್ತಿ ಉಜ್ಜಿದರೆ ಆ ಪುಡಿಯೇ ಸುತ್ತಲಿನ ಬಣ್ಣದ ಮೇಲೆ ಸಣ್ಣ ಗೀರು ಎಳೆಯುತ್ತದೆ, ಕಪ್ಪು ಕಾರಿನಲ್ಲಿ ಬಿಸಿಲಿಗೆ ನಿಲ್ಲಿಸಿದಾಗ ಅದು ಎದ್ದು ಕಾಣುತ್ತದೆ.

ಬಿಸಿನೀರು ಸುರಿದರೆ ವ್ಯಾಕ್ಸ್ ಕರಗುತ್ತದೆ ಅಂತ ಹೇಳುವವರಿದ್ದಾರೆ. ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿ ನೀರು ಕಾರಿಗೆ ಹಾಕುವುದು ಬೇಡವೇ ಬೇಡ, ಗಾಜು ಸೀಳಬಹುದು, ಕೈಯೂ ಸುಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಕಾರ್ ಶ್ಯಾಂಪೂ ಹಾಕಿ, ಸಂದಿಗೆ ಹಚ್ಚಿ, ಎರಡು ಮೂರು ನಿಮಿಷ ಬಿಡಿ. ನೆರಳಲ್ಲೇ ಮಾಡಿ, ಬಿಸಿಲಲ್ಲಿ ಆ ನೊರೆಯೂ ಒಣಗಿ ಇನ್ನೊಂದು ಕಲೆ ಆಗುತ್ತದೆ.

ಆಮೇಲೆ ಬ್ರಷ್. ಮೆದು ಕೂದಲಿನ ಪೇಂಟ್ ಬ್ರಷ್ ಸಾಕು, ಆದರೆ ಅದರ ತಗಡಿನ ಪಟ್ಟಿಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಲೋಗೋ ಪಕ್ಕದ ಬಣ್ಣಕ್ಕೆ ತಗಡು ತಾಗುತ್ತದೆ. ಮೆದು ಹಲ್ಲುಜ್ಜುವ ಬ್ರಷ್ ರಬ್ಬರಿಗೆ, ಪ್ಲಾಸ್ಟಿಕ್ಕಿಗೆ ಸರಿ, ಬಣ್ಣದ ಮೇಲೆ ಬೇಡ. ಇನ್ನೂ ಸಪೂರ ಸಂದಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡಿಗೆ ಒದ್ದೆ ಮೈಕ್ರೋಫೈಬರ್ ಬಟ್ಟೆ ಸುತ್ತಿ ಒಂದೇ ದಿಕ್ಕಿಗೆ ಎಳೆಯಿರಿ. ಪಿನ್ನು, ಬ್ಲೇಡು, ಸ್ಕ್ರೂಡ್ರೈವರ್ ತುದಿ ಯಾವತ್ತೂ ಬೇಡ.

ಹಾಗೆ ಮಾಡಿದರೂ ಬಿಳಿ ಹೋಗಲಿಲ್ಲವಾ? ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲಿಗೆ ನೀರು ನಾಲ್ಕೈದು ಪಾಲು ಬೆರೆಸಿ ಬಟ್ಟೆಗೆ ಹಾಕಿ ಒರೆಸಿ, ಸಂದಿಗೆ ನೇರ ಸುರಿಯಬೇಡಿ. ಎಷ್ಟೋ ಕಾರುಗಳ ಲೋಗೋ ಬರೀ ಅಂಟು ಟೇಪಿನ ಮೇಲೆ ನಿಂತಿರುತ್ತದೆ, ಆಲ್ಕೋಹಾಲ್ ಒಳಗೆ ಇಳಿದರೆ ಆ ಅಂಟು ಸಡಿಲಾಗಬಹುದು. ಪೆಟ್ರೋಲ್ ಹಾಕುವ ಅಭ್ಯಾಸ ಬಿಡಲೇಬೇಕು. ರಬ್ಬರ್ ಉಬ್ಬುತ್ತದೆ, ಬೆಂಕಿಯ ಭಯ ಬೇರೆ.

ಎಲ್ಲಕ್ಕಿಂತ ಕಷ್ಟ ಅಂದರೆ ಬಂಪರಿನ ಕಪ್ಪು, ತರಿತರಿ ಪ್ಲಾಸ್ಟಿಕ್. ಅದರ ಸಣ್ಣ ಗುಳಿಗಳಲ್ಲಿ ಪುಡಿ ಕೂರುತ್ತದೆ. ಮೇಲೆ ಎಣ್ಣೆ ಸವರಿದರೆ ಬಿಳಿ ಕಾಣಿಸುವುದಿಲ್ಲ, ಆದರೆ ಹೋಗಿರುವುದೂ ಇಲ್ಲ. ದೇವಿಮನೆ ಘಾಟಿಯಲ್ಲಿ ಒಂದು ಜೋರು ಮಳೆ ಸಿಕ್ಕಿ ಶಿರಸಿ ತಲುಪುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಮಕ್ಕಳು ಪೆನ್ಸಿಲ್ ಅಳಿಸಲು ಬಳಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನೋಡಿ, ವ್ಯಾಕ್ಸ್ ಅದರ ಜೊತೆ ಎದ್ದು ಬರುತ್ತದೆ. ಉಳಿದದ್ದಕ್ಕೆ ಶ್ಯಾಂಪೂ ಮತ್ತು ಬ್ರಷ್.

ನಮ್ಮ ಕರಾವಳಿಯಲ್ಲಿ ಇದು ಬರೀ ಅಂದದ ವಿಷಯ ಅಲ್ಲ. ಆ ಬಿಳಿ ಗೆರೆಯ ಮೇಲೆ ಕೆಂಪು ಮಣ್ಣಿನ ಧೂಳು, ಉಪ್ಪುಗಾಳಿಯ ಉಪ್ಪು ಎರಡೂ ಹಿಡಿಯುತ್ತವೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಒದ್ದೆಯಾಗುತ್ತದೆ, ಮಳೆಗಾಲದ ಕಾರವಾರದಲ್ಲಿ ಅಷ್ಟು ತೇವ ಮಾಮೂಲು. ಬಾಗಿಲಿನ ಅಂಚಿನಲ್ಲಿ ಬಣ್ಣ ಎದ್ದ ಒಂದು ಜಾಗ ಇದ್ದರೆ ಸಾಕು, ತುಕ್ಕು ಅಲ್ಲಿಂದಲೇ ಶುರು. ಬಾಗಿಲಿನ ಕೆಳಗೆ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಅಲ್ಲಿ ಪಾಲಿಶ್ ಮೆತ್ತಿಕೊಂಡಿದೆಯಾ ಅಂತ ಬಗ್ಗಿ ನೋಡಿ. ಇದನ್ನು ತುಂಬಾ ಜನ ನೋಡುವುದೇ ಇಲ್ಲ.

ಮುಂದಿನ ಸಲ ಪಾಲಿಶ್ ಶುರು ಮಾಡುವ ಮೊದಲು ಬೀಡಿಂಗ್, ಲೋಗೋ, ಕಪ್ಪು ಪ್ಲಾಸ್ಟಿಕ್‌ಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ. ಹತ್ತು ನಿಮಿಷದ ಕೆಲಸ, ಆಮೇಲಿನ ಒಂದು ಗಂಟೆ ಉಳಿಯುತ್ತದೆ. ಹಬ್ಬದ ಕಾರಾದರೆ ಪೂಜೆಗೆ ಮೊದಲೇ ಸಂದಿಗಳ ಪಾಲಿಶ್ ತೆಗೆದು ಮುಗಿಸಿ, ಯಾಕೆಂದರೆ ಅರಿಶಿನ ಆ ಜಿಡ್ಡಿಗೆ ಅಂಟಿದರೆ ಬರೀ ನೀರಿಗೆ ಬಿಡುವುದಿಲ್ಲ. ಅದರ ಹಳದಿ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತದೆ.