ಹತ್ತು ಸ್ಪೀಕರಿದ್ದೂ ಸೌಂಡಿಲ್ಲ!

"ಸೌಂಡೇ ಬರ್ತಿಲ್ಲ ಕಣಣ್ಣ, ಇನ್ನೊಂದು ದೊಡ್ಡ ಆಂಪ್ಲಿಫೈಯರ್ ತಂದುಬಿಡು." ಮಂಡ್ಯದಲ್ಲಿ ಹೋಟೆಲ್ ಇಟ್ಟಿರುವ ಪರಿಚಯದವರೊಬ್ಬರ ಫೋನ್. ದೊಡ್ಡದು ಮಾರಿದರೆ ನನಗೇನೋ ಲಾಭವೇ. ಆದರೂ ಕೇಳಿದೆ, ಯಾವಾಗಿಂದ ಹೀಗೆ? ಹಿಂದುಗಡೆ ಫ್ಯಾಮಿಲಿ ಹಾಲ್ ಶುರುಮಾಡಿದ ಮೇಲೆ, ಅಂದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹೋಟೆಲು, ಸೀರೆ ಅಂಗಡಿಗಳಲ್ಲಿ ಸ್ಪೀಕರ್ ಜಾಸ್ತಿ, ವೈರೂ ಉದ್ದ. ಮನೆಯ ಸ್ಟೀರಿಯೋ ತರ ಎಳೆದರೆ ಪವರ್ ದಾರಿಯಲ್ಲೇ ಸೋರಿಹೋಗುತ್ತದೆ. ಅದಕ್ಕೇ 100 ವೋಲ್ಟ್ ಲೈನ್ ಹಾಕುತ್ತೇವೆ: ವೋಲ್ಟೇಜ್ ಏರಿಸಿ ಕಳಿಸಿದರೆ ಕರೆಂಟ್ ಕಮ್ಮಿ, ಸೋರಿಕೆಯೂ ಕಮ್ಮಿ. ಅದನ್ನು ಮತ್ತೆ ಇಳಿಸಿಕೊಳ್ಳಲು ಪ್ರತಿ ಸ್ಪೀಕರಿನ ಬೆನ್ನಿಗೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್. ಅದರಲ್ಲಿ 3, 6, 10 ವಾಟ್ ಅಂತ ಟ್ಯಾಪ್‌ಗಳಿರುತ್ತವೆ, ಸ್ಪೀಕರ್ ಎಷ್ಟು ಪವರ್ ಎಳೆಯಬೇಕೋ ಅಲ್ಲಿಗೆ ವೈರ್ ಸಿಕ್ಕಿಸುವುದು. ಎಲ್ಲ ಸ್ಪೀಕರಿನ ಟ್ಯಾಪ್ ಕೂಡಿದರೆ ಆಂಪ್ಲಿಫೈಯರಿನ ವಾಟ್ ಮೀರಬಾರದು. ನಾನಂತೂ ಶೇಕಡ 20 ಕೈಯಲ್ಲಿಟ್ಟುಕೊಂಡೇ ಲೆಕ್ಕ ಹಾಕುವುದು.

ಈ ಹೋಟೆಲಿನಲ್ಲಿ ನಾನು ಲೆಕ್ಕ ಹಾಕಿದ್ದು ಮೊದಲಿಂದ ಇದ್ದ ಹತ್ತು ಸ್ಪೀಕರ್, ತಲಾ 6 ವಾಟ್. ಒಟ್ಟು 60. ಆಂಪ್ಲಿಫೈಯರ್ 120 ವಾಟಿನದು. ಧಾರಾಳವಾಯಿತು ಅಲ್ವಾ? ಆದರೆ ಮುಟ್ಟಿದರೆ ಕೈ ಸುಡುತ್ತಿತ್ತು. ಲೈನನ್ನು ಒಂದೊಂದಾಗಿ ಬಿಡಿಸಿ ಮಲ್ಟಿಮೀಟರ್ ಹಿಡಿದೆ. ಆ ಹತ್ತರ ಜೊತೆ ಹೊಸ ಹಾಲಿಗೆ ಸೇರಿಸಿದ್ದ ಇನ್ನೆರಡು ಸ್ಪೀಕರೂ ಬರೀ 6-7 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸಿದವು; 8 ಓಮಿನ ಸ್ಪೀಕರ್ ಮೀಟರಿಗೆ ಹೀಗೇ ಕಾಣುವುದು. ಮನೆಯಲ್ಲಿ ಬಿದ್ದಿದ್ದ ಹಳೇ ಬಾಕ್ಸ್ ತಂದು, ಟ್ರಾನ್ಸ್‌ಫಾರ್ಮರ್ ಇಲ್ಲದೆ ಸುಮ್ನೆ ಸಿಕ್ಕಿಸಿಬಿಟ್ಟಿದ್ದರು. 8 ಓಮಿನ ಸ್ಪೀಕರ್ 100 ವೋಲ್ಟಿಗೆ ಕೂತರೆ ಅದೊಂದೇ 1250 ವಾಟ್ ಕೇಳುತ್ತದೆ. ಎಲ್ಲಿಂದ ತರೋದು? ಆ ಎರಡು ಬಾಕ್ಸ್ ಇಡೀ ಲೈನನ್ನು ನೆಲಕ್ಕೆ ಎಳೆದಿದ್ದವು. ಆಂಪ್ಲಿಫೈಯರ್ ಸುಟ್ಟಿರಲಿಲ್ಲವಲ್ಲ, ಅದೇ ಪುಣ್ಯ.

ಆಂಪ್ಲಿಫೈಯರ್ ತಣ್ಣಗಿದ್ದು, ಎಲ್ಲ ಕಡೆ ಒಂದೇ ಸಮ ಸೌಂಡ್ ಕಮ್ಮಿ ಇದ್ದರೆ ಕಥೆ ಬೇರೆ. ಆಗ ಹಿಂಬದಿಯ ಟರ್ಮಿನಲ್ ನೋಡಿ. 100 ವೋಲ್ಟಿಗೆ ಹೋಗಬೇಕಾದ ವೈರು 8 ಓಮಿನ ತೂತಿಗೆ ಹೋಗಿರುತ್ತದೆ. 60 ವಾಟಿನ ಆಂಪ್ಲಿಫೈಯರ್ ಅಲ್ಲಿ ಕೊಡುವುದು ಹೆಚ್ಚೆಂದರೆ 22 ವೋಲ್ಟ್. 6 ವಾಟಿನ ಸ್ಪೀಕರಿಗೆ ಸಿಗುವುದು 0.3 ವಾಟ್ ಅಷ್ಟೇ.

ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಇನ್ನೂ ಮಜಾ. ದೇವರನಾಮ ಹಾಕಿದರೆ ಹಾಡುವವರ ದನಿಯೇ ಇಲ್ಲ, ಬರೀ ವಾದ್ಯ ದೂರದಿಂದ ಕೇಳಿದ ಹಾಗೆ. ಫೋನಿನ ಸ್ಟೀರಿಯೋ ಪಿನ್ನನ್ನು ಮೈಕಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಚುಚ್ಚಿದ್ದರು. ಆ ಇನ್‌ಪುಟ್ ಎಡಗಡೆಯ ಸೌಂಡಿನಿಂದ ಬಲಗಡೆಯದನ್ನು ಕಳೆಯುತ್ತದೆ. ದನಿ ಎರಡೂ ಕಡೆ ಒಂದೇ ಸಮ ಇರುವುದರಿಂದ ಕಳೆದರೆ ಸೊನ್ನೆ. ಸರಿಯಾದ ಕೇಬಲ್ ಹಾಕಿದೆ, ಅಷ್ಟೇ ರಿಪೇರಿ.

ಇಷ್ಟಾದರೂ ದೊಡ್ಡ ಆಂಪ್ಲಿಫೈಯರೇ ಬೇಕು ಅನ್ನುವವರಿದ್ದಾರೆ. 120 ತೆಗೆದು 240 ವಾಟ್ ಹಾಕಿದರೂ ಸದ್ದಿನ ಅಳತೆಯಲ್ಲಿ ಏರುವುದು 3 ಡೆಸಿಬಲ್. ಕಿವಿಗೆ ವ್ಯತ್ಯಾಸ ಗೊತ್ತಾದರೆ ಹೆಚ್ಚು. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು.

ಮಂಡ್ಯದ ಬಾಕ್ಸ್‌ಗಳಿಗೆ ಎರಡು ಲೈನ್ ಟ್ರಾನ್ಸ್‌ಫಾರ್ಮರ್ ಕೂರಿಸಿ 10 ವಾಟಿಗಿಟ್ಟೆ. ಒಟ್ಟು 80 ಆಯಿತು. ಮಾರನೇ ದಿನ ಮತ್ತೆ ಫೋನ್. "ಕ್ಯಾಷ್ ಕೌಂಟರಲ್ಲಿ ಗಿರಾಕಿ ಮಾತೇ ಕೇಳಿಸ್ತಿಲ್ಲ ಕಣಣ್ಣ!" ಹೋಗಿ ಕೌಂಟರಿನ ಆ ಒಂದು ಸ್ಪೀಕರನ್ನು 3 ವಾಟಿಗೆ ಇಳಿಸಿ ಬಂದೆ.